ಅಡ್ಡ ಮಲಗಿದ ಹಲ್ಲು

ನಮ್ಮ ಭೀಮನಬೀಡಿನಲ್ಲಿ ಯಾರಿಗಾದರೂ ಹಲ್ಲುನೋವು ಬಂತು ಅಂದರೆ ಬೀದಿಗೆ ಬೀದಿಯೇ ವೈದ್ಯರಾಗಿಬಿಡುತ್ತದೆ. ಒಬ್ಬರು ಲವಂಗ ಕಚ್ಚು ಅನ್ನುತ್ತಾರೆ. ಇನ್ನೊಬ್ಬರು ಹೊಗೆಸೊಪ್ಪು ಇಟ್ಟುಕೋ ಅನ್ನುತ್ತಾರೆ. ಮತ್ತೊಬ್ಬರು ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕೆನ್ನೆಗೆ ಶಾಖ ಕೊಡು ಅನ್ನುತ್ತಾರೆ. ಯಾವುದಕ್ಕೂ ನೋವು ಜಗ್ಗದಿದ್ದರೆ, "ಅಲ್ಲುನೋವ್ಗೆ ಯಾರೂ ಸತ್ತಿಲ್ಲ ಬುಡು" ಅಂತ ಹೇಳಿ ಸೊಂಟ ಕೊಡವಿಕೊಂಡು ಎದ್ದು ಹೋಗುತ್ತಾರೆ. ನನಗೆ ಮೈ ಉರಿಯುವುದು ಈ ಕೊನೆಯ ಮಾತಿಗೆ.

ನಾನು ಚಾಮುಂಡಿ, ಇದೇ ಊರಿನ ಅಂಗನವಾಡಿ ಟೀಚರ್. ಬಾಯಿ ಸ್ವಲ್ಪ ಜೋರು ಅಂತ ಜನ ಹೇಳುತ್ತಾರೆ, ಹೇಳಲಿ. ಇದು ನಮ್ಮ ಪಕ್ಕದ ಮನೆಯ ಭಾಗ್ಯನಿಗೆ ಆದದ್ದು. ಚಾಮರಾಜನಗರ ಜಿಲ್ಲೆಯಾಗುವುದಕ್ಕೆ ಹಿಂದಿನ ವರ್ಷದ ಮಾತು. ನಾನು ಜೊತೆಯಲ್ಲೇ ಇದ್ದು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಇವತ್ತಿಗೂ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಭಾಗ್ಯನಿಗೆ ಆಗ ಇಪ್ಪತ್ತೊಂದು ತುಂಬಿತ್ತು. ಈರುಳ್ಳಿ ಹೊಲದಲ್ಲಿ ಕೆಲಸಕ್ಕೆ ನಿಂತರೆ ಅವಳ ಮಾತು, ನಗು ಎರಡು ಹೊಲದಾಚೆಗೆ ಕೇಳಿಸುತ್ತಿತ್ತು. ಅಂಥ ಹುಡುಗಿ ಒಂದು ದಿನ ಮಾತಾಡುವುದನ್ನೇ ನಿಲ್ಲಿಸಿದಳು. ಎಡಗಡೆ ಕೆಳದವಡೆಯ ಕೊನೆಯಲ್ಲಿ ನೋವು. ಕೆನ್ನೆ ಊದಿಕೊಂಡಿತ್ತು. ಬಾಯಿ ತೆರೆಯಮ್ಮ ಅಂದರೆ ಒಂದು ಬೆರಳು ಹೋಗುವಷ್ಟೂ ತೆರೆಯಲಾಗದೆ ಕಣ್ಣಲ್ಲಿ ನೀರು ತುಂಬಿಕೊಂಡಳು.

ಅವಳ ಅಪ್ಪ ಮುದ್ದಯ್ಯ. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. ಎರಡೆಕರೆ ಹೊಲ, ನಾಲ್ಕು ದನ. ಆದರೆ ಊರಲ್ಲಿ ಅವರಿಗೆ ಹೆಸರು ಬಂದದ್ದು ಹಸು ಕರು ಹಾಕುವಾಗ ಸಹಾಯ ಮಾಡುವುದರಲ್ಲಿ. ಯಾರ ಕೊಟ್ಟಿಗೆಯಲ್ಲಿ ಹಸು ಬೇನೆ ತಿನ್ನುತ್ತಿದ್ದರೂ ಮೊದಲು ಮುದ್ದಯ್ಯನಿಗೆ ಹೇಳಿಕಳಿಸುತ್ತಾರೆ. ಅವರು ಹೋಗಿ ಹಸುವಿನ ಹೊಟ್ಟೆಯ ಮೇಲೆ ಕೈಯಿಟ್ಟು, ಕರು ನೆಟ್ಟಗೆ ಬರುತ್ತಿದೆಯೋ ಅಡ್ಡ ಬಿದ್ದಿದೆಯೋ ಅಂತ ಹೇಳುತ್ತಾರೆ. ಅಡ್ಡ ಬಿದ್ದಿದ್ದರೆ ಸುಮ್ಮನೆ ಎಳೆಯಲು ಯಾರಿಗೂ ಬಿಡುವುದಿಲ್ಲ, ಗುಂಡ್ಲುಪೇಟೆಯಿಂದ ದನದ ಡಾಕ್ಟರನ್ನು ಕರೆಸುತ್ತಾರೆ. ಕರು ಹಾಕಿದ ಮೇಲೆ ಕಸ, ಅಂದರೆ ಮಾಸು, ಬೀಳುವವರೆಗೂ ಕೊಟ್ಟಿಗೆ ಬಿಟ್ಟು ಕದಲುವವರಲ್ಲ. ಕಸ ಒಳಗೇ ಉಳಿದರೆ ಕೊಳೆತು ಹಸುವಿನ ಪ್ರಾಣಕ್ಕೇ ಬರುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ದನದ ವಿಷಯದಲ್ಲಿ ಇಷ್ಟು ತಿಳಿವಳಿಕೆ ಇರುವ ಮನುಷ್ಯ ಮಗಳ ಹಲ್ಲಿನ ವಿಷಯಕ್ಕೆ ಬಂದಾಗ ಕಲ್ಲಾಗಿಬಿಟ್ಟರು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರೆ ಬೇಡ. ಅದರ ಬದಲು ಹುಳ ತೆಗೆಯುವವರನ್ನು ಕರೆಸಿದರು. ಗೊತ್ತಲ್ಲ, ಕಾದ ಕಬ್ಬಿಣದ ಮೇಲೆ ಗುಳ್ಳದ, ಅಂದರೆ ಕಾಡುಬದನೆಯ, ಬೀಜ ಹಾಕಿ, ಆ ಹೊಗೆಯನ್ನು ಬಾಯಿಗೆ ಹಿಡಿಸಿ, ಕೆಳಗೆ ಇಟ್ಟ ನೀರಿನ ಬಟ್ಟಲಲ್ಲಿ ಬಿಳಿಬಿಳಿ ಹುಳ ತೋರಿಸುತ್ತಾರೆ. ಭಾಗ್ಯ ಕೆಮ್ಮಿ ಕೆಮ್ಮಿ ಸುಸ್ತಾದಳು. ಹುಳವೇನೋ ಬಿದ್ದಿತು, ಬಾಯಿ ಮಾತ್ರ ತೆರೆಯಲಿಲ್ಲ. ನನಗೆ ಅನುಮಾನ ಬಂದು ಮನೆಯಲ್ಲಿ ಒಬ್ಬಳೇ ಕೂತು, ಅದೇ ಬೀಜವನ್ನು ಕಾದ ಕಬ್ಬಿಣದ ಮೇಲೆ ಹಾಕಿ, ಬರಿಯ ಬಟ್ಟಲ ಮೇಲೆ ಹಿಡಿದೆ. ಯಾರ ಬಾಯಿಯೂ ಇಲ್ಲ, ಯಾರ ಹಲ್ಲೂ ಇಲ್ಲ. ಆದರೂ ಬಟ್ಟಲಲ್ಲಿ ಅದೇ ಬಿಳಿ ಹುಳಗಳು. ಬಿಸಿಗೆ ಬೀಜ ಸಿಡಿದು ಒಳಗಿನ ಮೊಳಕೆ ಹೊರಗೆ ಬಿದ್ದದ್ದನ್ನೇ ನಾವು ಇಷ್ಟು ಕಾಲ ಹಲ್ಲಿನ ಹುಳ ಅಂದುಕೊಂಡಿದ್ದೆವು.

ಬಟ್ಟಲನ್ನು ಹಾಗೇ ತೆಗೆದುಕೊಂಡು ಹೋಗಿ ಮುದ್ದಯ್ಯನವರ ಮುಂದೆ ಇಟ್ಟೆ. ಅವರು ಬೆರಳಿನಿಂದ ಆ ಹುಳ ಮುಟ್ಟಿ ನೋಡಿದರು. ಆಮೇಲೆ ಆಸ್ಪತ್ರೆ ಬೇಡ ಅನ್ನುವುದಕ್ಕೆ ನಿಜವಾದ ಕಾರಣ ಹೇಳಿದರು. ಅವರ ಅಣ್ಣ ರಾಚಯ್ಯ ಅಂತ ಒಬ್ಬರಿದ್ದರು. ನಾನು ಈ ಊರಿಗೆ ಬರುವ ಮೊದಲೇ ತೀರಿಕೊಂಡವರು. ಅವರಿಗೂ ಇದೇ ಜಾಗದಲ್ಲಿ ನೋವು ಬಂದು, ಸಂತೆಯಲ್ಲಿ ಇಕ್ಕಳ ಇಟ್ಟುಕೊಂಡು ಹಲ್ಲು ಕೀಳುವವನ ಹತ್ತಿರ ಹೋಗಿದ್ದರಂತೆ. ಅವನು ಕಾಲು ಒತ್ತುಕೊಟ್ಟು ಎಳೆದಿದ್ದಾನೆ. ಅರ್ಧ ಹಲ್ಲು ಮುರಿದು ಬಂತು, ಅರ್ಧ ಒಳಗೇ ಉಳಿಯಿತು. ಕತ್ತಿನವರೆಗೂ ಬಾವು ಇಳಿದು, ಜ್ವರ ಏರಿ, ಕೊನೆಗೆ ಉಸಿರಾಡಲಾಗದೆ ಹೋಗಿಬಿಟ್ಟರು.

"ನಮ್ಮಣ್ಣ ಓದಂಗೆ ಇವ್ಳೂ ಓಗ್ಬುಟ್ರೆ ನಾನೇನ್ ಮಾಡ್ಲಿ ಚಾಮುಂಡಮ್ಮ" ಅಂದರು ಮುದ್ದಯ್ಯ. ಹಲ್ಲುನೋವಿಗೆ ಯಾರೂ ಸತ್ತಿಲ್ಲ ಅನ್ನುವ ಊರಿನಲ್ಲಿ, ಅದು ಸುಳ್ಳು ಅಂತ ಗೊತ್ತಿದ್ದದ್ದು ಅವರೊಬ್ಬರಿಗೇ. ಆ ಭಯವೇ ಅವರ ಕಾಲು ಕಟ್ಟಿಹಾಕಿತ್ತು. ನನ್ನ ಕೋಪವೆಲ್ಲ ಇಳಿದುಹೋಯಿತು. ಕೀಳಿಸುವ ಮಾತು ಆಮೇಲೆ, ಮೊದಲು ಬಾವು ಇಳಿಸೋಣ, ಅದಕ್ಕಾದರೂ ಬನ್ನಿ ಅಂದೆ.

ಹಾಗೆ ಗುಂಡ್ಲುಪೇಟೆ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ನೋಡಿ, ಇದು ಬುದ್ಧಿಹಲ್ಲು, ಎಲ್ಲ ಹಲ್ಲು ಬಂದ ಮೇಲೆ ಕೊನೆಗೆ ಬರುವುದು, ಜಾಗ ಸಾಲದೆ ಒಳಗೆ ಸಿಕ್ಕಿಕೊಂಡಿದೆ ಅಂತ ಹೇಳಿದರು. ಮಾತ್ರೆ ಬರೆದರು. ಹೊರಗಿನಿಂದ ಬಿಸಿ ಶಾಖ ಕೊಡಬೇಡಿ, ಕೀವು ಎಲ್ಲೆಂದರಲ್ಲಿ ಇಳಿಯುತ್ತದೆ ಅಂದರು. ಬಾವು ಇಳಿದ ತಕ್ಷಣ ಚಾಮರಾಜನಗರದಲ್ಲಿ ಹಲ್ಲಿನ ಡಾಕ್ಟರಿಗೆ ತೋರಿಸಿ, ಬಿಡಬೇಡಿ ಅಂತ ಎರಡು ಸಲ ಹೇಳಿದರು.

ಮಾತ್ರೆಗೆ ಬಾವು ಇಳಿಯಿತು. ಬಾಯಿ ತೆರೆಯಿತು. ಮುದ್ದಯ್ಯ, "ವಾಸಿಯಾಯ್ತಲ್ಲ, ಇನ್ಯಾಕೆ" ಅಂದರು. ಭಾಗ್ಯನೂ ಅಪ್ಪನ ಕಡೆಗೇ ಸೇರಿಕೊಂಡಳು. ನಾನು ಬಾಯಿ ಬಡಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಂಕಿಯ ಮೇಲೆ ಬೂದಿ ಮುಚ್ಚಿದರೆ ಬೆಂಕಿ ಆರಿದ ಹಾಗೇನು? ಈರುಳ್ಳಿ ಕೊಯ್ಲು ಮುಗಿಯುವ ಹೊತ್ತಿಗೆ ಮತ್ತೆ ಬಂತು. ಈ ಸಲ ಕೆನ್ನೆಯ ಜೊತೆ ಗಲ್ಲದ ಕೆಳಗೂ ಊದಿತು. ಭಾಗ್ಯನಿಗೆ ಎಂಜಲು ನುಂಗುವುದೂ ಕಷ್ಟವಾಯಿತು. ಅವಳವ್ವ ಚಿಕ್ಕನಿಂಗಮ್ಮ ಚಮಚದ ತುದಿಯಲ್ಲಿ ಗಂಜಿ ಬಿಡುತ್ತಾ ಕೂತಿದ್ದರು. ಮುದ್ದಯ್ಯ ಬಂದು ಮಗಳ ಕತ್ತು ಮುಟ್ಟಿ ನೋಡಿದವರೇ ಹೆಗಲಿಗೆ ಟವಲ್ ಹಾಕಿಕೊಂಡು ಬಸ್ಸಿಗೆ ಹೊರಟರು. ಅಣ್ಣನಿಗೆ ಬಂದಿದ್ದ ಜಾಗಕ್ಕೇ ಬಾವು ಬಂದದ್ದನ್ನು ಅವರ ಕೈ ಗುರುತಿಸಿತ್ತು.

ಗುಂಡ್ಲುಪೇಟೆಯಲ್ಲಿ ಅಂದೇ ದಾಖಲು ಮಾಡಿಕೊಂಡು ಸೂಜಿಮದ್ದು ಕೊಟ್ಟರು. ಇನ್ನೂ ತಡ ಮಾಡಿದ್ದರೆ ಉಸಿರಿಗೇ ತೊಂದರೆಯಾಗುತ್ತಿತ್ತು ಅಂತ ಡಾಕ್ಟರು ನೇರವಾಗಿಯೇ ಹೇಳಿದರು. ಬಾವು ಇಳಿದು ಎರಡು ಬೆರಳು ಹೋಗುವಷ್ಟು ಬಾಯಿ ತೆರೆದ ಮೇಲೆ, ನಾವು ನಾಲ್ಕೂ ಜನ ತೆರಕಣಾಂಬಿ ದಾರಿಯಲ್ಲಿ ಚಾಮರಾಜನಗರದ ಬಸ್ಸು ಹತ್ತಿದೆವು.

ಅಲ್ಲಿನ ಹಲ್ಲಿನ ಡಾಕ್ಟರ ಹೆಸರು ಭಾನು. ಸಣ್ಣ ವಯಸ್ಸು, ಸಣ್ಣ ಆಳು. ಮುದ್ದಯ್ಯ ಅವರನ್ನು ಕಂಡು ನನ್ನ ಕಡೆ ತಿರುಗಿ ಹುಬ್ಬೇರಿಸಿದರು. ಈ ಹುಡುಗಿ ದವಡೆ ಹಲ್ಲು ಕೀಳುತ್ತಾಳಾ ಅಂತ ಅದರ ಅರ್ಥ. ಡಾಕ್ಟರು ಅದನ್ನೆಲ್ಲ ಗಮನಿಸದೆ ಭಾಗ್ಯನನ್ನು ಕೂರಿಸಿಕೊಂಡು ಕೇಳುತ್ತಾ ಹೋದರು. ಗಾಯವಾದರೆ ರಕ್ತ ಬೇಗ ನಿಲ್ಲುತ್ತದಾ, ಮೂರ್ಛೆ ಬರುತ್ತದಾ, ಹೃದಯದ ತೊಂದರೆ ಇದೆಯಾ, ಯಾವುದಾದರೂ ಮಾತ್ರೆ ಮೈಗೆ ಒಗ್ಗುವುದಿಲ್ಲವಾ, ಬಸುರಿಯಾ, ಬೆಳಿಗ್ಗೆ ತಿಂದು ಬಂದಿದ್ದೀಯಾ. ಸಕ್ಕರೆ ಕಾಯಿಲೆ, ಬಿಪಿ ಇರುವವರು ಮುಚ್ಚಿಡದೆ ಹೇಳಬೇಕು ಅಂತ ನಮಗೂ ಹೇಳಿದರು. ಆಮೇಲೆ ಬೆಂಕಿಪೊಟ್ಟಣದಷ್ಟು ಅಗಲವಿಲ್ಲದ ಒಂದು ಫಿಲ್ಮನ್ನು ಅವಳ ಬಾಯೊಳಗೆ ಇಟ್ಟು ಎಕ್ಸ್‌ರೇ ತೆಗೆದರು.

ಆ ಫಿಲ್ಮನ್ನು ದೀಪದ ಮುಂದೆ ಹಿಡಿದಾಗ ನಾವೆಲ್ಲ ಮುಖ ಚಾಚಿ ನೋಡಿದೆವು. ಏನು ಹೇಳಲಿ. ಬದುಕಿ ಉಸಿರಾಡುತ್ತಾ ಪಕ್ಕದಲ್ಲೇ ಕೂತಿರುವ ಹುಡುಗಿಯ ದವಡೆಯ ಮೂಳೆಯೊಳಗನ್ನು ನಾವು ನೋಡುತ್ತಿದ್ದೆವು. ಮುಂದಿನ ಹಲ್ಲುಗಳೆಲ್ಲ ಬೇರು ಕೆಳಗೆ ಬಿಟ್ಟುಕೊಂಡು ಸಾಲಾಗಿ ನಿಂತಿದ್ದವು. ಕೊನೆಯ ಹಲ್ಲೊಂದು ಮಾತ್ರ ಮೂಳೆಯೊಳಗೆ ಅಡ್ಡಕ್ಕೆ ಮಲಗಿತ್ತು. ಅದರ ತಲೆ ಮುಂದಿನ ಹಲ್ಲಿನ ಬೇರಿಗೆ ಗುದ್ದುತ್ತಿತ್ತು. ನನಗೆ ಕೈಮುಗಿಯಬೇಕು ಅನ್ನಿಸಿತು. ಯಾರಿಗೆ ಅಂತ ತಿಳಿಯಲಿಲ್ಲ. ಆ ಫಿಲ್ಮಿಗೋ, ಅದನ್ನು ಕಂಡುಹಿಡಿದವರಿಗೋ, ಮೂಳೆಯೊಳಗೆ ಹಲ್ಲನ್ನು ಮಲಗಿಸಿದ ದೇವರಿಗೋ.

ಮುದ್ದಯ್ಯ ಕಣ್ಣು ಕಿರಿದು ಮಾಡಿಕೊಂಡು ಹತ್ತಿರ ಹೋದರು. ಬೆರಳಿನಿಂದ ಗಾಳಿಯಲ್ಲೇ ಆ ಹಲ್ಲಿನ ಮೈ ಸವರಿದರು.

"ಇದು ಅಡ್ಡ ಬಿದ್ದಿರೋ ಕರ ಕಣಮ್ಮಿ" ಅಂದರು ನನಗೆ. "ತಲೆ ಮುಂದ್ಕೆ ಕೊಟ್ಕಂಡು ಮಲಗದ. ಎಳುದ್ರೆ ಬರಾಕಿಲ್ಲ."

ಡಾಕ್ಟರು ನಕ್ಕರು. "ಸರಿಯಾಗಿ ಹೇಳಿದ್ರಿ ಯಜಮಾನ್ರೇ. ಅದಕ್ಕೇ ನಾನು ಎಳೆಯೋದಿಲ್ಲ. ಒಸಡು ಸ್ವಲ್ಪ ಬಿಡಿಸಿ, ಹಲ್ಲನ್ನ ಒಳಗೇ ತುಂಡು ಮಾಡಿ, ಒಂದೊಂದೇ ತುಂಡು ತೆಗೀತೀನಿ."

ಹೊಟ್ಟೆಯಲ್ಲೇ ಸತ್ತು ಅಡ್ಡ ಬಿದ್ದ ಕರುವನ್ನು ದನದ ಡಾಕ್ಟರು ಹೀಗೇ ತುಂಡು ಮಾಡಿ ತೆಗೆದು ಹಸುವನ್ನು ಉಳಿಸಿದ್ದನ್ನು ಮುದ್ದಯ್ಯ ಕಂಡವರು. ಅವರ ಕಣ್ಣಲ್ಲಿ ನೀರು ಬಂತು. "ನಮ್ಮಣ್ಣಂದೂ ಇಂಗೇ ಮಲ್ಗಿತ್ತೇನೋ. ಆ ಸಂತೆಯವ್ನು ನೋಡ್ದೆ ಎಳ್ದ" ಅಂದರು. ಅಷ್ಟು ವರ್ಷ ಹಲ್ಲು ಕಿತ್ತದ್ದಕ್ಕೇ ಅಣ್ಣ ಸತ್ತ ಅಂದುಕೊಂಡಿದ್ದವರಿಗೆ, ಒಳಗೆ ನೋಡದೆ, ತೊಳೆಯದ ಇಕ್ಕಳದಲ್ಲಿ ಎಳೆದದ್ದಕ್ಕೆ ಸತ್ತ ಅಂತ ಆ ಘಳಿಗೆಯಲ್ಲಿ ತಿಳಿಯಿತು. ಡಾಕ್ಟರ ಕೈಯನ್ನು ಇನ್ನೊಮ್ಮೆ ನೋಡಿದರು. ಕರು ಹಾಕಿಸುವಾಗ ದೊಡ್ಡ ಕೈ ಹೋಗದ ಕಡೆ ಚಿಕ್ಕ ಕೈಯೇ ಬೇಕಾಗುವುದು, ಇವರ ಕೈ ಒಳ್ಳೆಯದಿದೆ ಅಂತ ಹೆಂಡತಿಯ ಕಿವಿಯಲ್ಲಿ ಹೇಳಿದರು.

ಚಿಕ್ಕನಿಂಗಮ್ಮನಿಗೆ ಒಂದು ಭಯ ಉಳಿದಿತ್ತು. ದವಡೆ ಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಹೋಗುತ್ತದಂತೆ, ನಿಜವಾ ಅಂತ ಕೇಳಿದರು. ಹಲ್ಲಿಗೂ ಕಣ್ಣಿನ ದೃಷ್ಟಿಗೂ ಸಂಬಂಧವೇ ಇಲ್ಲ, ಇಷ್ಟು ಜನಕ್ಕೆ ತೆಗೆದಿದ್ದೇನೆ, ಎಲ್ಲರೂ ನನ್ನನ್ನು ಗುರುತು ಹಿಡಿದು ಮಾತಾಡಿಸುತ್ತಾರೆ ಅಂದರು ಡಾಕ್ಟರು. ಹಾಗಂತ ಎಲ್ಲರ ಬುದ್ಧಿಹಲ್ಲನ್ನೂ ಕೀಳಬೇಕಾಗಿಲ್ಲ, ನೆಟ್ಟಗೆ ಬಂದು ತೊಂದರೆ ಕೊಡದೆ ಇದ್ದರೆ ಅದರ ಪಾಡಿಗೆ ಅದಿರಲಿ ಅಂತಲೂ ಹೇಳಿದರು.

ಭಾಗ್ಯ ಕೇಳಿದ್ದು ಒಂದೇ, ನನಗೆ ಎಚ್ಚರ ಇರುತ್ತದಾ ಅಂತ. ಇರುತ್ತದೆ, ಆ ಜಾಗ ಮಾತ್ರ ಮರಗಟ್ಟುತ್ತದೆ ಅಂದರು. ಸೂಜಿ ಚುಚ್ಚುವಾಗ ಇರುವೆ ಕಡಿದಷ್ಟು ನೋವು. ಆಮೇಲೆ ಒತ್ತುವುದು ತಿಳಿಯುತ್ತದೆ, ಸದ್ದು ಕೇಳಿಸುತ್ತದೆ, ನೋವು ತಿಳಿಯುವುದಿಲ್ಲ. ತಿಳಿದರೆ ಎಡಗೈ ಎತ್ತು, ನಾನು ನಿಲ್ಲಿಸುತ್ತೇನೆ, ಇನ್ನೊಂದು ಸೂಜಿ ಕೊಡುತ್ತೇನೆ ಅಂದರು. ನನಗೆ ಒಳಗೆ ನಿಲ್ಲಲು ಬಿಟ್ಟರು. ಮುದ್ದಯ್ಯನವರೂ ಚಿಕ್ಕನಿಂಗಮ್ಮನೂ ಬಾಗಿಲಾಚೆ ಬೆಂಚಿನ ಮೇಲೆ ಕೂತರು.

ನಾನು ಗೋಡೆಗೆ ಒರಗಿ ನೋಡಿದೆ. ಸೂಜಿ ಕೊಟ್ಟು ಸ್ವಲ್ಪ ಹೊತ್ತಿಗೆ ಭಾಗ್ಯ ತುಟಿ ಮುಟ್ಟಿಕೊಂಡು, "ಅತ್ತೆ, ಈ ತುಟಿ ನಂದಲ್ಲ ಅನ್ಸ್ತದೆ" ಅಂದಳು. ಡಾಕ್ಟರು ಅವಳ ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿ ಕೆಲಸಕ್ಕೆ ಇಳಿದರು. ಕೊರೆಯುವ ಸದ್ದು ಬಂತು. ನೀರು ಬಿಡುತ್ತಾ, ಹೀರುತ್ತಾ, ಕುಟ್ಟದೆ ಎಳೆದಾಡದೆ ಆ ಸಣ್ಣ ಕೈಗಳು ಬೆರಳಗಲದ ಜಾಗದಲ್ಲಿ ಓಡಾಡಿದವು. ಭಾಗ್ಯನ ಎಡಗೈ ಹೊಟ್ಟೆಯ ಮೇಲೆ ನೆಮ್ಮದಿಯಾಗಿ ಮಲಗಿತ್ತು, ಒಂದು ಸಲವೂ ಏಳಲಿಲ್ಲ. ಮೂರು ತುಂಡು ಹಲ್ಲು ಸ್ಟೀಲ್ ತಟ್ಟೆಗೆ ಟಣ್ ಟಣ್ ಅಂತ ಬಿದ್ದವು. ಎರಡು ಹೊಲಿಗೆ ಹಾಕಿದರು. ಮುಗಿಯಿತು ಅಂದಾಗ ನಾನು ನಂಬಲಿಲ್ಲ. ಒಂದು ಆರ್ತನಾದವಿಲ್ಲ, ಒಬ್ಬರು ಕೈಕಾಲು ಹಿಡಿದುಕೊಳ್ಳಲಿಲ್ಲ. ಮನುಷ್ಯರಿಗೆ ಇಷ್ಟು ವಿದ್ಯೆ ಒಲಿದಿದೆಯಲ್ಲ ಅಂತ ನನ್ನ ಎದೆ ತುಂಬಿ ಬಂತು.

ಹೊರಗೆ ಬಂದಾಗ ಮುದ್ದಯ್ಯ, ಯಾಕೆ ಇನ್ನೂ ಶುರುಮಾಡಿಲ್ಲವಾ ಅಂತ ಕೇಳಿದರು. ಕೂಗು ಕೇಳಿಸಲಿಲ್ಲವಲ್ಲ, ಅದಕ್ಕೆ.

ಡಾಕ್ಟರು ನಾಲ್ಕೂ ಜನರನ್ನು ಕೂರಿಸಿಕೊಂಡು ಮುಂದಿನದನ್ನು ಹೇಳಿದರು. ಮಡಿಸಿದ ಬಟ್ಟೆಯ ಪಟ್ಟಿಯನ್ನು ಗಾಯದ ಮೇಲೆ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ಇವತ್ತು ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಯಾವುದನ್ನೂ ಚೀಪಿ ಕುಡಿಯಬಾರದು. ಎಂಜಲಿನಲ್ಲಿ ತಿಳಿಗೆಂಪು ಕಂಡರೆ ಹೆದರದೆ ನುಂಗಬೇಕು. ಕೆನ್ನೆಗೆ ಹೊರಗಿನಿಂದ ಐಸು, ಇಲ್ಲದಿದ್ದರೆ ತಣ್ಣೀರ ಬಟ್ಟೆ. ಮರಗಟ್ಟಿದ್ದು ಬಿಡುವವರೆಗೂ ಬಿಸಿಯಾದದ್ದು ತಿನ್ನಬಾರದು, ತುಟಿ ಸುಟ್ಟರೂ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಎಲೆಅಡಿಕೆ, ಹೊಗೆಸೊಪ್ಪು, ಬೀಡಿ ಗಾಯ ಮಾಯುವವರೆಗೆ ಬೇಡ. ನಾಳೆಯಿಂದ ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಇಟ್ಟುಕೊಂಡು ತಲೆ ಬಗ್ಗಿಸಿ ತಾನಾಗಿ ಬೀಳಲು ಬಿಡಬೇಕು. ಊತ ಮಾರನೆಯ ದಿನ, ಅದರ ಮಾರನೆಯ ದಿನ ಹೆಚ್ಚಾಗಿ ಆಮೇಲೆ ಇಳಿಯುತ್ತದೆ, ಅದು ಸಹಜ. ಮಾತ್ರೆ ಪೂರ್ತಿ ನುಂಗಬೇಕು.

ಚಿಕ್ಕನಿಂಗಮ್ಮ ಮುದ್ದೆ ಕೊಡಬಹುದಾ ಅಂತ ಕೇಳಿದರು. ಮೊದಲ ದಿನ ಅಂಬಲಿ, ಕಿವುಚಿದ ಮೊಸರನ್ನ. ಆಮೇಲೆ ಮೆತ್ತಗಿನ ಮುದ್ದೆ ಆರಿಸಿ, ಖಾರವಿಲ್ಲದ ತಿಳಿಸಾರಿನಲ್ಲಿ ಕೊಡಿ, ಮುದ್ದೆಯನ್ನು ಅಗಿಯುವ ಕೆಲಸವಿಲ್ಲವಲ್ಲ, ನುಂಗಲಿ ಅಂದರು. ಮುದ್ದೆಗೆ ಆಸ್ಪತ್ರೆಯಲ್ಲಿ ಅಂಥ ಮರ್ಯಾದೆ ಸಿಕ್ಕಿದ್ದು ಕಂಡು ಚಿಕ್ಕನಿಂಗಮ್ಮನಿಗೆ ಡಾಕ್ಟರ ಮೇಲೆ ಪೂರಾ ನಂಬಿಕೆ ಬಂತು.

ಬಸ್ಸಿನಲ್ಲಿ ಮುದ್ದಯ್ಯ ಮಗಳ ಪಕ್ಕ ಕೂತು, ಅವಳು ಕಿಟಕಿಯ ಕಡೆ ತಿರುಗಿದಾಗೆಲ್ಲ ಉಗುಳಬೇಡ ನುಂಗು ಅಂತ ಕಾವಲು ಕಾದರು. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹಣ್ಣಿನರಸದ ಅಂಗಡಿಯ ಮಲೆಯಾಳಿ ಕಾಕಾ, ವಿಷಯ ಕೇಳಿ, ಮರದ ಹೊಟ್ಟಿನಲ್ಲಿ ಮುಚ್ಚಿಟ್ಟಿದ್ದ ಐಸಿನ ಗಟ್ಟಿಯೊಂದನ್ನು ಒಡೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟರು. ಅದನ್ನು ಟವಲಿನಲ್ಲಿ ಸುತ್ತಿ ಕೆನ್ನೆಗೆ ಹಿಡಿದುಕೊಂಡು ಮನೆ ಸೇರಿದೆವು. ಎಲ್ಲ ಸಲೀಸಾಗಿ ಆಯಿತು ಅಂದುಕೊಂಡೆ.

ಆದರೆ ಎಡವಟ್ಟಾದದ್ದು ಆಮೇಲೆ. ಮೂರು ದಿನ ಕಳೆದು ಊತ ಇಳಿಯುತ್ತಿತ್ತು. ನೋವು ಕಡಿಮೆಯಾಗಬೇಕಾದ ಹೊತ್ತಿನಲ್ಲಿ ಭಾಗ್ಯ ಗೋಡೆಗೆ ತಲೆ ಒತ್ತಿಕೊಂಡು ಅಳತೊಡಗಿದಳು. ಕಿವಿ, ಹಣೆ, ತಲೆಯ ಒಂದು ಭಾಗವೆಲ್ಲ ಸಿಡಿಯುತ್ತದೆ ಅಂದಳು. ಬಾಯಿಂದ ಕೆಟ್ಟ ವಾಸನೆ. ಚಿಕ್ಕನಿಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಕರೆದುಕೊಂಡು ಹೋಗಿದ್ದು ನಾನಲ್ಲವೇ. ಇವಳಿಗೆ ಏನಾದರೂ ಆದರೆ ಈ ಮನೆಯವರಿಗೆ ಮುಖ ತೋರಿಸುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿ ಅಂದರೆ ನನಗೆ ಪ್ರಾಣ.

ನೋಡಿದ್ರಾ, ಬೇಡ ಅಂದೆ ಕೇಳಲಿಲ್ಲ ಅಂತ ಮುದ್ದಯ್ಯ ಅನ್ನುತ್ತಾರೆ ಅಂತ ಕಾಯುತ್ತಿದ್ದೆ. ಅವರು ಅನ್ನಲಿಲ್ಲ. ಮೊದಲ ಬಸ್ಸಿಗೇ ಮಗಳನ್ನು ಹತ್ತಿಸಿದರು.

ಡಾಕ್ಟರ್ ಭಾನು ಬಾಯೊಳಗೆ ದೀಪ ಬಿಟ್ಟು ನೋಡಿ, "ಇಲ್ಲಿದ್ದ ರಕ್ತದ ಹೆಪ್ಪು ಎಲ್ಲಿ ಹೋಯ್ತು?" ಅಂತ ಕೇಳಿದರು. ಭಾಗ್ಯ ಅಪ್ಪನ ಮುಖ ನೋಡಿದಳು.

"ನಾನೇ ತಗ್ದೆ ಕಣವ್ವ" ಅಂದರು ಮುದ್ದಯ್ಯ. "ಹೊಲಿಗೆ ಸಂದೀಲಿ ಕರ್ರಗೆ ಗೆಡ್ಡೆ ಇತ್ತು. ಕಸ ಇನ್ನೂ ಬಿದ್ದಿಲ್ಲ, ಒಳಗೇ ಉಳುದ್ರೆ ಕೊಳ್ತೋಯ್ತದೆ ಅಂತ, ಮುಕ್ಕಳಿಸ್ಸಿ ಮುಕ್ಕಳಿಸ್ಸಿ, ಕಡ್ಡಿಗೆ ಬಟ್ಟೆ ಸುತ್ತಿ ಎತ್ಬುಟ್ಟೆ."

ಹಲ್ಲನ್ನು ಅಡ್ಡ ಬಿದ್ದ ಕರುವಿನ ಹಾಗೆ ಕಂಡ ಅದೇ ಕಣ್ಣು, ಗಾಯದ ಗುಣಿಯಲ್ಲಿದ್ದ ಹೆಪ್ಪುಗಟ್ಟಿದ ರಕ್ತವನ್ನು ಮಾಸು ಅಂದುಕೊಂಡಿತ್ತು. ಹಸು ಕಸ ಹಾಕುವವರೆಗೂ ಕದಲದ ಮನುಷ್ಯ, ಮಗಳಿಗೆ ಕಸ ಉಳಿಯಬಾರದು ಅಂತ ಬೆಳಗಿನ ಜಾವಕ್ಕೇ ಎದ್ದು ಬ್ಯಾಟರಿ ಹಿಡಿದು ಕೂತಿದ್ದರು. ಅವರ ಪ್ರೀತಿಯೇ ಆ ಹುಡುಗಿಯನ್ನು ಗೋಡೆಗೆ ತಲೆ ಒತ್ತುವ ಹಾಗೆ ಮಾಡಿತ್ತು. ನನಗೆ ಬೈಯಬೇಕು ಅನ್ನಿಸಿತು. ಅವರ ಮುಖ ನೋಡಿ ಬಾಯಿ ಬರಲಿಲ್ಲ.

ಡಾಕ್ಟರೂ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಅವರ ಎದುರು ಕೂತರು. "ಯಜಮಾನ್ರೇ, ಹಸುಗೆ ಕಸ ಬೀಳ್ಬೇಕು, ನಿಜ. ಆದರೆ ಇದು ಕಸ ಅಲ್ಲ. ಮಂಡಿ ತರಚಿದಾಗ ಮೇಲೆ ಹಕ್ಕಳೆ ಕಟ್ಟುತ್ತಲ್ಲ, ಹಾಗೆ. ಈ ಹೆಪ್ಪೇ ಗಾಯದ ಮುಚ್ಚಳ. ಅದರ ಕೆಳಗೇ ಹೊಸ ಮಾಂಸ, ಆಮೇಲೆ ಹೊಸ ಮೂಳೆ ಬೆಳೆಯೋದು. ಅದನ್ನ ತೆಗೆದರೆ ಮೂಳೆ ಬೆತ್ತಲೆಯಾಗುತ್ತೆ, ಗಾಳಿ ಸೋಕಿದರೂ ನೋವು. ಅದಕ್ಕೇ ಉಗುಳಬೇಡಿ, ಚೀಪಬೇಡಿ ಅಂದದ್ದು. ಕಾರಣ ನಾನು ಬಿಡಿಸಿ ಹೇಳಬೇಕಿತ್ತು."

ಆಮೇಲೆ ಗುಣಿಯನ್ನು ಮೆಲ್ಲಗೆ ತೊಳೆದು, ಔಷಧಿಯಲ್ಲಿ ನೆನೆಸಿದ ಸಣ್ಣ ಪಟ್ಟಿಯನ್ನು ಒಳಗೆ ತುಂಬಿದರು. ಕೋಣೆಯೆಲ್ಲ ಲವಂಗದ ವಾಸನೆ. ಲವಂಗದ ಎಣ್ಣೆಯೇ, ಆದರೆ ಎಷ್ಟು, ಎಲ್ಲಿ, ಹೇಗೆ ಇಡಬೇಕು ಅಂತ ಗೊತ್ತಿರಬೇಕು, ನೀವೇ ಮನೆಯಲ್ಲಿ ಗಾಯಕ್ಕೆ ಸುರಿಯಬೇಡಿ ಅಂದರು. ನಾವು ಬೆಂಚಿನ ಮೇಲೆ ಕೂತು ನೋಡುತ್ತಿದ್ದ ಹಾಗೇ ಭಾಗ್ಯನ ಬಿಗಿದ ಹುಬ್ಬು ಸಡಿಲವಾಯಿತು. ಹಿಂದಿನ ರಾತ್ರಿಯೆಲ್ಲ ಕಣ್ಣು ಮುಚ್ಚದ ಹುಡುಗಿ ಅವ್ವನ ಹೆಗಲ ಮೇಲೆ ನಿದ್ದೆ ಹೋದಳು. ಅವಳು ಉಸಿರಾಡುವುದನ್ನೇ ಮುದ್ದಯ್ಯ ನೋಡುತ್ತಾ ಕೂತರು. ಮೂಳೆಯೂ ಮತ್ತೆ ಬೆಳೆಯುತ್ತದಾ ಅಂತ ಮೆಲ್ಲಗೆ ನನ್ನನ್ನು ಕೇಳಿದರು. ಬೆಳೆಯುತ್ತದಂತೆ ಅಂದೆ. ಅವರು ತಲೆಯಾಡಿಸುತ್ತಾ, ನಾವು ಮಲಗಿರುವಾಗಲೂ ಮೈ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದಲ್ಲ ಅಂದರು. ಇನ್ನೂ ಒಂದೆರಡು ಸಲ ಹೋಗಿ ಪಟ್ಟಿ ಬದಲಿಸಿಕೊಂಡು, ಹೊಲಿಗೆ ತೆಗೆಸಿಕೊಂಡು ಬಂದೆವು.

ಅದಾಗಿ ಕೆಲವು ವಾರಕ್ಕೆ ಒಂದು ಸಂಜೆ ಅವರ ಜಗುಲಿಯಲ್ಲಿ ನಾವೆಲ್ಲ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಭಾಗ್ಯ ದಣಿದಿದ್ದಳು. ಇದ್ದಕ್ಕಿದ್ದ ಹಾಗೆ ಒಂದು ಆಕಳಿಕೆ ಬಂತು. ದೊಡ್ಡ ಆಕಳಿಕೆ, ದವಡೆಯ ಕೊನೆಯವರೆಗೂ ಕಾಣುವಷ್ಟು. ನಮ್ಮ ಮೂವರ ಕೈಯೂ ನಿಂತುಹೋಯಿತು. ಒಂದು ಕಾಲಕ್ಕೆ ಬೆರಳೂ ತೂರದಿದ್ದ ಆ ಬಾಯಿ ಬಾಗಿಲು ತೆರೆದ ಹಾಗೆ ತೆರೆದಿತ್ತು. ಎಡಗಡೆಯ ಗುಣಿ ಮಾಯ್ದು ನಸುಗೆಂಪು ಒಸಡು ಮುಚ್ಚಿಕೊಂಡಿತ್ತು. ಮಗಳು ಆಕಳಿಸಿದ್ದಕ್ಕೆ ಚಿಕ್ಕನಿಂಗಮ್ಮ ಗಳಗಳ ಅತ್ತುಬಿಟ್ಟರು. ಯಾಕವ್ವ ಅಂತ ಭಾಗ್ಯ ಕೇಳಿದಳು. ಮುದ್ದಯ್ಯ ಮಾತ್ರ, "ಇನ್ನೊಂದ್ಸಲ ಆಕಳ್ಸು ಮಗಾ" ಅಂದರು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ದವಡೆಯ ಕೊನೆಯಲ್ಲಿ ನೋವು ಬಂದು ಬಾಯಿ ತೆರೆಯಲು ಕಷ್ಟವಾಗುತ್ತಿದ್ದರೆ ಹೊಗೆ ಹಾಕಿಸಬೇಡಿ, ಶಾಖ ಕೊಡಬೇಡಿ, ಸಂತೆಯ ಇಕ್ಕಳಕ್ಕೆ ಬಾಯಿ ಕೊಡಬೇಡಿ. ಹಲ್ಲಿನ ಡಾಕ್ಟರಿಗೆ ತೋರಿಸಿ. ಮಾತ್ರೆಗೆ ನೋವು ನಿಂತಿತು ಅಂತ ಅರ್ಧಕ್ಕೆ ಬಿಡಬೇಡಿ. ಕತ್ತಿಗೆ ಬಾವು ಇಳಿದರೆ, ನುಂಗಲು ಉಸಿರಾಡಲು ಕಷ್ಟವಾದರೆ ಆ ಕ್ಷಣವೇ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ. ತೆಗೆಸಿಕೊಂಡ ಮೇಲೆ ಗಾಯಕ್ಕೆ ಬೆರಳು, ಕಡ್ಡಿ, ಬಟ್ಟೆ ಏನನ್ನೂ ಹಾಕಬೇಡಿ. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ತುಟಿ ಮರಗಟ್ಟಿದ್ದು ಮಾರನೆಯ ದಿನವೂ ಬಿಡದಿದ್ದರೆ, ಇಳಿಯಬೇಕಾದ ನೋವು ಏರಿದರೆ ತಪ್ಪು ಯಾರದು ಅಂತ ಲೆಕ್ಕ ಹಾಕುತ್ತಾ ಕೂರದೆ ಮತ್ತೆ ಅದೇ ಡಾಕ್ಟರ ಹತ್ತಿರ ಹೋಗಿ. ಮಾಡಿದ್ದನ್ನು ಮುಚ್ಚಿಡದೆ ಹೇಳಿ. ಮುದ್ದಯ್ಯ ಅವತ್ತು ನಾನೇ ತೆಗೆದೆ ಅಂತ ಬಾಯಿಬಿಟ್ಟು ಹೇಳಿದ್ದಕ್ಕೇ ಭಾಗ್ಯನಿಗೆ ಅಷ್ಟು ಬೇಗ ನಿದ್ದೆ ಬಂತು.